ಕ್ವಿಜ್ ಮಾಸ್ಟರ್ ಗೆದ್ದರೆ ಸಭೆ ಸೋತ ಹಾಗೆ

ಊಟ ಆದ್ಮೇಲೆ ಎರಡು ಗಂಟೆಗೆ ಶುರುವಾಗೋ ಸೆಷನ್ನಿಗೆ ನಮ್ಮ ಟೀಮಿನಲ್ಲಿ ನಾವಿಟ್ಟಿರೋ ಹೆಸರು 'ಗೊರಕೆ ಸ್ಲಾಟ್'. ಎದುರಿಗೆ ಸ್ಲೈಡ್ ಓಡ್ತಾ ಇರುತ್ತೆ, ಹೊಟ್ಟೆಯೊಳಗೆ ಸ್ಯಾಂಡ್‌ವಿಚ್ ಕರಗ್ತಾ ಇರುತ್ತೆ, ಕಣ್ಣು ತಾನಾಗೇ ಮುಚ್ಚಿಕೊಳ್ಳುತ್ತೆ. 2024ರ ಅಕ್ಟೋಬರಿನಲ್ಲಿ ನಮ್ಮ ಕಂಪನಿಯ ವಾರ್ಷಿಕ ಕಾನ್ಫರೆನ್ಸ್ ನಡೆದಾಗ ಈ ಗೊರಕೆ ಸ್ಲಾಟನ್ನ ನನ್ನ ಕೊರಳಿಗೆ ಕಟ್ಟಿದರು. "ಅರ್ಧ ಗಂಟೆ ಒಂದು ಲೈವ್ ಕ್ವಿಜ್ ಮಾಡಿಬಿಡು, ಜನ ಎದ್ದು ಕೂರಬೇಕು. ಇಂಡಿಯಾದವರಿಗೆ ಕ್ವಿಜ್ ಅಂದ್ರೆ ಪ್ರಾಣ ಅಲ್ವಾ?" ಅಂದ್ರು ಮ್ಯಾನೇಜರ್. ಮೇಲ್ನೋಟಕ್ಕೆ ಅಯ್ಯೋ ಅಂದೆ. ಒಳಗೊಳಗೇ ಖುಷಿಯೋ ಖುಷಿ.

ಯಾಕೆ ಅಂದ್ರೆ ನಾನು ಬೆಳೆದಿದ್ದೇ ಕ್ವಿಜ್ ನೋಡಿಕೊಂಡು. ಸಾಗರದ ನಮ್ಮ ಮನೆಯಲ್ಲಿ ರಾತ್ರಿ ಊಟದ ಹೊತ್ತಿಗೆ ಚಂದನದಲ್ಲಿ 'ಥಟ್ ಅಂತ ಹೇಳಿ' ಬರ್ತಿತ್ತು. 2002ರಲ್ಲಿ ಅದು ಶುರುವಾದಾಗ ನಂಗೆ ಐದು ವರ್ಷ. ಡಾ. ನಾ. ಸೋಮೇಶ್ವರ ಅವರು ಪ್ರಶ್ನೆ ಕೇಳಿ ಮುಗಿಸೋದರೊಳಗೆ ಅಪ್ಪ ತುತ್ತು ಕೈಯಲ್ಲೇ ಹಿಡಿದು ಉತ್ತರ ಕೂಗ್ತಿದ್ರು. ಗಾದೆ, ಒಗಟು ಬಂದ್ರೆ ಮಾತ್ರ ಅಜ್ಜಿಯ ಸರದಿ. ತಪ್ಪು ಉತ್ತರ ಹೇಳಿದವರಿಗೆ ಮಜ್ಜಿಗೆ ಬಡಿಸೋದು ತಡ! ಆಮೇಲೆ ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುವಾಗ ಟೆಕ್ ಫೆಸ್ಟ್ ಕ್ವಿಜ್‌ಗಳು, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಕೋವಿಡ್‌ಗೂ ಮುಂಚೆ, ಕರ್ನಾಟಕ ಕ್ವಿಜ್ ಅಸೋಸಿಯೇಷನ್ನಿನ ಕೆಲವು ಕ್ವಿಜ್‌ಗಳಲ್ಲಿ ಹಿಂದಿನ ಸಾಲಲ್ಲಿ ಕೂತು ಬಾಯಿ ಬಿಟ್ಟುಕೊಂಡು ನೋಡಿದ್ದು... ಇಷ್ಟೆಲ್ಲ ಇದ್ದಮೇಲೆ ಮುನ್ನೂರು ಜನರ ಎದುರು ಕ್ವಿಜ್ ಮಾಡೋದು ಯಾವ ಮಹಾ ಕೆಲಸ ಅಂದುಕೊಂಡಿದ್ದೆ.

ಮಹಾ ಕೆಲಸವೇ ಆಗಿತ್ತು ಅನ್ನೋದು ಆಮೇಲೆ ಗೊತ್ತಾಯ್ತು :-)

ಅವತ್ತು ಆಗಿದ್ದೇನು?

ಎರಡು ವಾರಾಂತ್ಯ ಕೂತು ಇಪ್ಪತ್ತೈದು ಪ್ರಶ್ನೆ ತಯಾರು ಮಾಡಿದ್ದೆ. ಎಲ್ಲಾ ಟೆಕ್ನಾಲಜಿ ಪ್ರಶ್ನೆಗಳೇ. ಯಾವ ಭಾಷೆಯನ್ನ ಯಾರು ಬರೆದ್ರು, ಯಾವ ಕಂಪನಿ ಯಾವ ವರ್ಷ ಶುರುವಾಯ್ತು, ಇಂಥಿಂಥ ಮೂರಕ್ಷರದ ವಿಸ್ತೃತ ರೂಪ ಏನು... ಹೀಗೆ. ಕಹೂಟ್‌ನಲ್ಲಿ ಹಾಕಿ, ಪ್ರತಿಯೊಂದಕ್ಕೂ ಇಪ್ಪತ್ತು ಸೆಕೆಂಡ್ ಟೈಮ್ ಇಟ್ಟು, ಎದೆ ಉಬ್ಬಿಸಿಕೊಂಡು ವೇದಿಕೆ ಹತ್ತಿದೆ.

ಮೊದಲು ಕೈಕೊಟ್ಟಿದ್ದು ವೈಫೈ. ಮುನ್ನೂರು ಫೋನು ಒಂದೇ ನಿಮಿಷದಲ್ಲಿ ಒಂದೇ ಕಡೆ ನುಗ್ಗಿದ್ರೆ ಇನ್ನೇನಾಗುತ್ತೆ? ಅರ್ಧ ಜನಕ್ಕೆ ಪುಟವೇ ತೆರೆದುಕೊಳ್ಳಲಿಲ್ಲ. ವೇದಿಕೆ ಮೇಲೆ ನಿಂತು ಆರು ನಿಮಿಷ ಹಲ್ಲು ಕಿರಿದೆ. ಆಮೇಲೆ ಯಾರೋ ಒಬ್ಬ ಪುಣ್ಯಾತ್ಮ ಬರೆಯಬಾರದ ಹೆಸರಿಟ್ಟುಕೊಂಡು ಸೇರಿದ, ಅದು ಹತ್ತಡಿ ಎತ್ತರದ ಪರದೆ ಮೇಲೆ ನಮ್ಮ ಡೈರೆಕ್ಟರಮ್ಮನ ಮುಖದ ಎದುರಿಗೇ ಬಂತು. ಸರಿ, ಅವನನ್ನ ತೆಗೆದು ಹಾಕಿ ಶುರು ಮಾಡಿದೆ. ಮೂರನೇ ಪ್ರಶ್ನೆಯ ಹೊತ್ತಿಗೆ ಮೊದಲ ಐದು ಸ್ಥಾನದಲ್ಲಿ ಇದ್ದಿದ್ದು ಒಂದೇ ಟೀಮಿನ ಹುಡುಗರು. ಹತ್ತನೇ ಪ್ರಶ್ನೆಗೂ ಅವರೇ. ಹದಿನೈದನೆಯದಕ್ಕೂ ಅವರೇ. ಅವರು ಕುಣಿದಾಡ್ತಿದ್ರು, ನಾನೂ ಕುಣಿದಾಡ್ತಿದ್ದೆ. ಹಿಂದಿನ ಟೇಬಲ್‌ಗಳಲ್ಲಿ ಜನ ಮೇಲ್ ನೋಡ್ತಿದ್ರು. ಅರ್ಧ ಗಂಟೆಯ ಕ್ವಿಜ್ ಐವತ್ತು ನಿಮಿಷ ಎಳೀತು.

ಇಳಿದು ಬಂದಾಗ ನಾಲ್ಕು ಜನ ಬೆನ್ನು ತಟ್ಟಿದರು. ನಾನೂ ಗೆದ್ದೆ ಅಂದುಕೊಂಡೆ. ಆದರೆ ಕಾಫಿ ಮೆಷಿನ್ ಹತ್ತಿರ ಅಕೌಂಟ್ಸ್ ವಿಭಾಗದ ಸಹೋದ್ಯೋಗಿಯೊಬ್ಬರು ಸಿಕ್ಕಿದರು. ಪೋರ್ಚುಗಲ್‌ನವರು, ಐವತ್ತರ ಮೇಲಿನ ವಯಸ್ಸು, ಕಂಪನಿಯಲ್ಲಿ ಎಲ್ಲರ ಸಂಬಳ ಸರಿಯಾಗಿ ಬರೋದೇ ಅವರಿಂದ. ಹೇಗಿತ್ತು ಅಂತ ಕೇಳಿದೆ. ಅವರು ಸೌಜನ್ಯಕ್ಕೆ ನಕ್ಕು ಹೇಳಿದ್ದು ಇಷ್ಟು: "ಇಂಗ್ಲಿಷನ್ನ ನಾನು ಎರಡು ಸಲ ಓದಬೇಕು ಕಣಪ್ಪ. ಒಂದು ಸಲ ಓದೋಕೆ, ಇನ್ನೊಂದು ಸಲ ಅರ್ಥ ಮಾಡ್ಕೊಳ್ಳೋಕೆ. ಅಷ್ಟರಲ್ಲಿ ನೀನು ಮುಂದಿನ ಪ್ರಶ್ನೆಗೆ ಹೋಗಿಬಿಡ್ತಿದ್ದೆ. ನಾಲ್ಕನೇ ಪ್ರಶ್ನೆ ಆದ್ಮೇಲೆ ಫೋನ್ ಬ್ಯಾಗಿಗೆ ಹಾಕಿಬಿಟ್ಟೆ."

ಕಾಫಿ ಗಂಟಲಲ್ಲೇ ನಿಂತಿತು.

ಯಾಕೆ ಗೊತ್ತಾ? ಎರಡು ವರ್ಷದ ಹಿಂದೆ ಅವರ ಜಾಗದಲ್ಲಿ ಇದ್ದವನು ನಾನೇ. 2022ರಲ್ಲಿ ಇಂಗ್ಲೆಂಡಿಗೆ ಬಂದ ಮೂರು ತಿಂಗಳಿಗೇ ನನ್ನ ಮೊದಲ ಕಾನ್ಫರೆನ್ಸ್. ಅಲ್ಲೂ ಒಂದು ಕ್ವಿಜ್. ಪ್ರಶ್ನೆಗಳೆಲ್ಲ ಎಂಬತ್ತರ ದಶಕದ ಬ್ರಿಟಿಷ್ ಮಕ್ಕಳ ಟಿವಿ ಕಾರ್ಯಕ್ರಮಗಳು, ಚಾಕೊಲೇಟ್ ಜಾಹೀರಾತುಗಳು, ಫುಟ್‌ಬಾಲ್ ಆಟಗಾರರ ಕೂದಲಿನ ಸ್ಟೈಲು! ಇಡೀ ಹಾಲು ಬಿದ್ದು ಬಿದ್ದು ನಗ್ತಿದೆ, ನಾನು ಪಕ್ಕದವರ ಮುಖ ನೋಡಿಕೊಂಡು ಅವರು ನಕ್ಕಾಗ ನಗ್ತಿದ್ದೀನಿ. ಕೊನೆಗೆ ಫೋನಿನಲ್ಲಿ ನನ್ನ ಸ್ಥಾನ ಬಂತು: 187. ಯಾರೂ ನನ್ನ ಅವಮಾನ ಮಾಡಲಿಲ್ಲ, ಯಾರಿಗೂ ಆ ಉದ್ದೇಶ ಇರಲಿಲ್ಲ. ಆದ್ರೂ ಅವತ್ತು ರಾತ್ರಿ ಹೋಟೆಲ್ ರೂಮಿನಲ್ಲಿ 'ನಾನು ಇಲ್ಲಿಯವನಲ್ಲ' ಅಂತ ಯಾರೋ ನಂಬರ್ ಹಾಕಿ ಚೀಟಿ ಕೊಟ್ಟ ಹಾಗೆ ಅನಿಸಿತ್ತು. ಅದೇ ಚೀಟಿಯನ್ನ ನಾನು 2024ರಲ್ಲಿ ಬೇರೆಯವರಿಗೆ ಹಂಚಿದ್ದೆ. ಬ್ರಿಟಿಷ್ ಟಿವಿ ಬದಲು ಪ್ರೋಗ್ರಾಮಿಂಗ್ ಭಾಷೆ, ಅಷ್ಟೇ ವ್ಯತ್ಯಾಸ.

ಅಲ್ಲಿಂದ ನನ್ನ ಅಭಿಪ್ರಾಯ ಗಟ್ಟಿಯಾಯ್ತು. ಕಾನ್ಫರೆನ್ಸಿನಲ್ಲಿ ನಡೆಸೋ ಕ್ವಿಜ್ ಜಾಣರನ್ನ ಹುಡುಕೋ ಪರೀಕ್ಷೆ ಅಲ್ಲ. ಜಾಣರನ್ನ ಹುಡುಕೋಕೆ ಬೇರೆ ಜಾಗ ಇದೆ. ಒಂದೇ ಸೂರಿನ ಕೆಳಗೆ ಕೂತಿರೋ ಅಪರಿಚಿತರು ಒಟ್ಟಿಗೆ ತಲೆ ಕೆರೆದುಕೊಳ್ಳೋ ಹಾಗೆ ಮಾಡೋದೇ ಇದರ ಕೆಲಸ. ಮೊದಲ ಐದು ಜನ ಕುಣಿದು ಉಳಿದ 295 ಜನ ಪ್ರೇಕ್ಷಕರಾದರೆ ಆ ಕ್ವಿಜ್ ಸೋತಿದೆ, ಎಷ್ಟೇ ಚಪ್ಪಾಳೆ ಬೀಳಲಿ.

ಸ್ವಲ್ಪ ಲೆಕ್ಕ ಮಾಡೋಣ

ನಾನು ಇಂಜಿನಿಯರ್ ನೋಡಿ, ಬೇಜಾರಾದ್ರೆ ಲೆಕ್ಕ ಹಾಕ್ತೀನಿ. ಮನೆಗೆ ಬಂದು ಕಹೂಟ್ ಅಂಕ ಹೇಗೆ ಕೊಡುತ್ತೆ ಅಂತ ನೋಡಿದೆ. ನಾರ್ವೆಯಲ್ಲಿ ಹುಟ್ಟಿದ ಈ ತಂತ್ರಾಂಶದಲ್ಲಿ ಸರಿ ಉತ್ತರಕ್ಕೆ ಸಾಮಾನ್ಯವಾಗಿ ಗರಿಷ್ಠ 1000 ಅಂಕ. ನೀವು ತಗೊಂಡ ಸಮಯವನ್ನ ಒಟ್ಟು ಸಮಯದಿಂದ ಭಾಗಿಸಿ, ಅದರ ಅರ್ಧವನ್ನ ಒಂದರಿಂದ ಕಳೆದು, ಸಾವಿರದಿಂದ ಗುಣಿಸಿದರೆ ನಿಮ್ಮ ಅಂಕ. ಅಂದ್ರೆ ಕೊನೇ ಕ್ಷಣದಲ್ಲಿ ಸರಿ ಉತ್ತರ ಒತ್ತಿದವರಿಗೆ ಸುಮಾರು 500, ತಕ್ಷಣ ಒತ್ತಿದವರಿಗೆ 1000.

ಈಗ ಇಪ್ಪತ್ತು ಸೆಕೆಂಡಿನ ಹತ್ತು ಪ್ರಶ್ನೆ ಇದೆ ಅಂದುಕೊಳ್ಳಿ. ನಮ್ಮ ಹುಡುಗ ಪ್ರತಿಸಲ ಎರಡೇ ಸೆಕೆಂಡಿಗೆ ಒತ್ತುತ್ತಾನೆ, ಒಂದೊಂದು ಸರಿ ಉತ್ತರಕ್ಕೆ 950. ಎಂಟು ಸರಿ, ಎರಡು ತಪ್ಪು. ಒಟ್ಟು 7600. ಅಕೌಂಟ್ಸ್‌ನ ಆ ಸಹೋದ್ಯೋಗಿ ಎರಡೆರಡು ಸಲ ಓದಿ ಹನ್ನೆರಡನೇ ಸೆಕೆಂಡಿಗೆ ಒತ್ತುತ್ತಾರೆ, ಒಂದೊಂದಕ್ಕೆ 700. ಹತ್ತಕ್ಕೆ ಹತ್ತೂ ಸರಿ. ಒಟ್ಟು 7000. ಗೆದ್ದವರು ಯಾರು? ಎರಡು ತಪ್ಪು ಮಾಡಿದ ಹುಡುಗ! ನನ್ನ ಕ್ವಿಜ್ ಜ್ಞಾನ ಅಳೀತಾ ಇರಲಿಲ್ಲ, ಇಂಗ್ಲಿಷ್ ಓದೋ ವೇಗ ಅಳೀತಾ ಇತ್ತು. ಅದೂ ಯಾರ ಮಾತೃಭಾಷೆಯೂ ಅಲ್ಲದ ಇಂಗ್ಲಿಷಿನಲ್ಲಿ ಅರ್ಧಕ್ಕರ್ಧ ಜನ ಕೆಲಸ ಮಾಡೋ ಕಂಪನಿಯಲ್ಲಿ.

ಇದಕ್ಕೆ ಪರಿಹಾರ ಕಷ್ಟವೇನಲ್ಲ. ಟೈಮನ್ನ ಇಪ್ಪತ್ತರಿಂದ ಅರವತ್ತು ಸೆಕೆಂಡಿಗೆ ಏರಿಸಿ ನೋಡಿ. ಹುಡುಗನಿಗೆ ಒಂದೊಂದಕ್ಕೆ ಸುಮಾರು 983, ಎಂಟಕ್ಕೆ 7864. ಅವರಿಗೆ ಒಂದೊಂದಕ್ಕೆ 900, ಹತ್ತಕ್ಕೆ 9000. ಅದೇ ಜನ, ಅದೇ ಪ್ರಶ್ನೆ, ಅದೇ ಬೆರಳು. ಫಲಿತಾಂಶ ಮಾತ್ರ ಉಲ್ಟಾ. ಒಂದು ನಿಮಿಷ ಕಾಯೋದು ಬೇಜಾರಾಗಲ್ವಾ ಅಂತ ಕೇಳಬಹುದು. ಎಲ್ಲರೂ ಒತ್ತಿಬಿಟ್ಟರೆ ಕಾಯೋ ಪ್ರಶ್ನೆಯೇ ಇಲ್ಲ, ಅದು ತಾನಾಗೇ ಮುಂದೆ ಹೋಗುತ್ತೆ. ಒತ್ತದೇ ಇರೋರು ಇದ್ದರೆ ಅವರಿಗೋಸ್ಕರ ಕಾಯೋದರಲ್ಲಿ ತಪ್ಪೇನಿದೆ? ಅಥವಾ ಪ್ರಶ್ನೆಯನ್ನ ನೀವು ನಿಧಾನವಾಗಿ ಗಟ್ಟಿಯಾಗಿ ಎರಡು ಸಲ ಓದಿ, ಆಮೇಲೆ ಆಯ್ಕೆಗಳನ್ನ ತೋರಿಸಿ. ನಾವು ಕೋಡ್ ಬರೆಯುವಾಗ ಡಿಫಾಲ್ಟ್ ಸೆಟ್ಟಿಂಗನ್ನ ನಂಬಬೇಡಿ ಅಂತ ಜೂನಿಯರ್‌ಗಳಿಗೆ ಬುದ್ಧಿ ಹೇಳ್ತೀವಿ. ಕ್ವಿಜ್ ಮಾಡುವಾಗ ಮಾತ್ರ ಕಣ್ಣು ಮುಚ್ಚಿಕೊಂಡು ಇಪ್ಪತ್ತು ಸೆಕೆಂಡ್!

ಪ್ರಶ್ನೆ ಅಂದ್ರೆ ಬೀಗ ಅಲ್ಲ, ಬಾಗಿಲು

ಎರಡನೇ ತಪ್ಪು ಪ್ರಶ್ನೆಗಳದ್ದು. "ಈ ಕಂಪನಿ ಶುರುವಾಗಿದ್ದು ಯಾವ ವರ್ಷ?" ಅಂತ ಕೇಳಿದರೆ ಗೊತ್ತಿದ್ದವರಿಗೆ ಗೊತ್ತು, ಇಲ್ಲದವರಿಗೆ ಇಲ್ಲ. ಯೋಚನೆ ಮಾಡೋಕೆ ಅಲ್ಲಿ ಏನೂ ಇಲ್ಲ. ನಾಲ್ಕು ಆಯ್ಕೆ ಕೊಟ್ಟರೆ ಕಣ್ಣು ಮುಚ್ಚಿ ಒತ್ತಿದವನಿಗೂ ನಾಲ್ಕರಲ್ಲಿ ಒಂದು ಪಾಲು ಅದೃಷ್ಟ. ಇದಕ್ಕೆ ಕ್ವಿಜ್ ಅನ್ನೋ ಬದಲು ಲಾಟರಿ ಅಂದರೆ ಸರಿಹೋಗುತ್ತೆ.

ಈ ವಿಷಯದಲ್ಲಿ ನಮ್ಮ ಬೆಂಗಳೂರಿನವರ ಹತ್ತಿರ ಕಲಿಯೋದು ಬಹಳ ಇದೆ. ವಿಂಗ್ ಕಮಾಂಡರ್ ಜಿ. ಆರ್. ಮುಲ್ಕಿ ಅವರಂಥವರು ಕಟ್ಟಿ ಬೆಳೆಸಿದ ಕರ್ನಾಟಕ ಕ್ವಿಜ್ ಅಸೋಸಿಯೇಷನ್ 1983ರಿಂದ ಇದೆ. ಅಲ್ಲಿನ ಕ್ವಿಜ್‌ಗಳಲ್ಲಿ ನಾನು ಮೆಚ್ಚಿದ್ದು ಒಂದೇ: ಉತ್ತರ ಗೊತ್ತಿಲ್ಲದಿದ್ದರೂ ಪ್ರಶ್ನೆಯೊಳಗಿನ ಸುಳಿವು ಹಿಡಿದುಕೊಂಡು ಲೆಕ್ಕ ಹಾಕಿ ಉತ್ತರಕ್ಕೆ ಬರಬಹುದು. ಅಲ್ಲಿಯವರು ಇದನ್ನ 'ವರ್ಕ್ ಔಟ್' ಮಾಡೋದು ಅಂತಾರೆ. ಹಾಗೆ ಬಂದಾಗ ಸಿಗೋ 'ಅಯ್ಯೋ ಹೌದಲ್ವಾ!' ಅನ್ನೋ ಉದ್ಗಾರ ಇದೆಯಲ್ಲ, ಅದಕ್ಕೆ ಸಾವಿರ ಅಂಕ ಕೊಟ್ಟರೂ ಸಾಲದು.

ಮೂರು ಉದಾಹರಣೆ ಕೊಡ್ತೀನಿ, ಉತ್ತರ ಓದೋ ಮುಂಚೆ ನೀವೂ ಯೋಚಿಸಿ.

ಒಂದು: ಪ್ರಪಂಚದ ಎಲ್ಲಾ ದೇಶಗಳ ಅಂಚೆ ಚೀಟಿ ಮೇಲೂ ಇರಬೇಕಾದ ಒಂದು ವಿಷಯ ಬ್ರಿಟನ್ನಿನ ಅಂಚೆ ಚೀಟಿ ಮೇಲೆ ಇರೋದಿಲ್ಲ. ಏನದು, ಯಾಕೆ?

ಎರಡು: 1991ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದವರು ಮೆಟ್ಟಿಲು ಇಳಿದು ಹೋಗಿ ಬರಿಗೈಲಿ ವಾಪಸ್ ಬರೋದು ಸಾಕಾಗಿ ಒಂದು ವಸ್ತುವಿನ ಎದುರು ಕ್ಯಾಮರಾ ಇಟ್ಟರು. ಅದು ಮೊದಲ ವೆಬ್‌ಕ್ಯಾಮ್ ಅಂತ ಹೆಸರಾಯ್ತು. ಕ್ಯಾಮರಾ ನೋಡ್ತಾ ಇದ್ದಿದ್ದು ಏನನ್ನ?

ಮೂರು: ಮೈಸೂರಿನಲ್ಲಿ 1937ರಲ್ಲಿ ಮಹಾರಾಜರ ಕಾಲದಲ್ಲಿ ಶುರುವಾದ ಬಣ್ಣದ ಕಾರ್ಖಾನೆಯೊಂದು ಒಂದು ವಿಶೇಷ ದ್ರವ ತಯಾರಿಸುತ್ತೆ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇದೆ, ಚರ್ಮಕ್ಕೆ ಹಚ್ಚಿದರೆ ದಿನಗಟ್ಟಲೆ ಹೋಗಲ್ಲ. ಗಿರಾಕಿಗಳು ಸರ್ಕಾರಗಳು. ಹೊರದೇಶಗಳಿಗೂ ಹೋಗುತ್ತೆ. ಏನದು?

ಮೊದಲನೆಯದಕ್ಕೆ ಉತ್ತರ: ದೇಶದ ಹೆಸರು. 1840ರಲ್ಲಿ 'ಪೆನ್ನಿ ಬ್ಲ್ಯಾಕ್' ಮೂಲಕ ಅಂಚೆ ಚೀಟಿ ಶುರುಮಾಡಿದ್ದೇ ಬ್ರಿಟನ್, ಆಗ ಬೇರೆ ಯಾರ ಚೀಟಿಯೂ ಇರಲಿಲ್ಲ, ಹೆಸರು ಹಾಕೋ ಅಗತ್ಯವೂ ಇರಲಿಲ್ಲ. ಇವತ್ತಿಗೂ ರಾಜನ ಅಥವಾ ರಾಣಿಯ ತಲೆಯೇ ಗುರುತು. ಎರಡನೆಯದಕ್ಕೆ: ಕಾಫಿ ಮಡಕೆ! ಕಾಫಿ ಇದೆಯೋ ಖಾಲಿಯೋ ಅಂತ ಕೂತಲ್ಲೇ ನೋಡೋಕೆ. 2001ರಲ್ಲಿ ಆ ಕ್ಯಾಮರಾ ನಿಂತಿತು. ಮೂರನೆಯದು ನಿಮಗೆ ಗೊತ್ತೇ ಇದೆ, ಚುನಾವಣೆಯಲ್ಲಿ ಬೆರಳಿಗೆ ಹಚ್ಚೋ ಶಾಯಿ. 1962ರ ಸಾರ್ವತ್ರಿಕ ಚುನಾವಣೆಯಿಂದ ಭಾರತದಲ್ಲಿ ಬಳಕೆಯಲ್ಲಿದೆ.

ಇವುಗಳಲ್ಲಿ ಯಾವುದಕ್ಕೂ ಡಿಗ್ರಿ ಬೇಕಾಗಿಲ್ಲ, ಇಂಗ್ಲೆಂಡಿನಲ್ಲಿ ಹುಟ್ಟಿರಬೇಕಾಗಿಲ್ಲ. ಮೈಸೂರಿನ ಹೆಸರೇ ಕೇಳದ ನೈಜೀರಿಯಾದ ಗೆಳೆಯನೂ ಚರ್ಮ, ಅಳಿಸದ ಬಣ್ಣ, ಸರ್ಕಾರ ಅಂತ ಮೂರು ಎಳೆ ಹಿಡಿದು ಉತ್ತರಕ್ಕೆ ಬರ್ತಾನೆ. ಒಬ್ಬ 'ಸರ್ಕಾರ' ಅಂದಾಗ ಇನ್ನೊಬ್ಬರು 'ಬೆರಳು' ಅಂತಾರೆ. ಅಲ್ಲಿಗೆ ಟೇಬಲ್ ಮೇಲೆ ಮಾತು ಶುರುವಾಯ್ತು. ಕ್ವಿಜ್ ಗೆದ್ದಿದ್ದು ಅಲ್ಲಿ.

ಇನ್ನೊಂದು ಎಚ್ಚರಿಕೆ. ಎರಡು ಸರಿ ಉತ್ತರ ಇರೋ ಪ್ರಶ್ನೆ ಕೇಳಿದ್ರೆ ಕೆಟ್ಟಿರಿ. ನಮ್ಮೂರ ಪಕ್ಕದ ಉದಾಹರಣೆಯನ್ನೇ ತಗೊಳ್ಳಿ: 'ಭಾರತದ ಅತಿ ಎತ್ತರದ ಜಲಪಾತ ಯಾವುದು?' ಶಾಲೆಯಲ್ಲಿ ನಾವು ಓದಿದ್ದು ಜೋಗ, 253 ಮೀಟರ್. ಆದರೆ ಎಷ್ಟೋ ಪಟ್ಟಿಗಳಲ್ಲಿ ಮೊದಲ ಸ್ಥಾನ ನಮ್ಮ ಶಿವಮೊಗ್ಗ ಜಿಲ್ಲೆಯದೇ ಕುಂಚಿಕಲ್‌ಗೆ, 455 ಮೀಟರ್. ಒಂದೇ ನೆಗೆತಕ್ಕೆ ಕೆಳಗೆ ಬೀಳೋದನ್ನ ಮಾತ್ರ ಲೆಕ್ಕ ಹಾಕಿದರೆ ಮೇಘಾಲಯದ ನೊಹ್ಕಾಲಿಕೈ ಬಂದು ನಿಲ್ಲುತ್ತೆ, 340 ಮೀಟರ್. ಸಾಗರದವನಾದ ನಾನು ಜೋಗ ಅಂತ ಹಟ ಹಿಡಿಯಬಹುದು, ಆದರೆ ಕ್ವಿಜ್ ಮಾಸ್ಟರ್ ಆಗಿ ನಿಂತಾಗ ಆ ಪ್ರಶ್ನೆಯನ್ನೇ ಕೇಳಬಾರದು. ಸಭೆಯಲ್ಲಿ ಯಾರಾದರೂ ತಕರಾರು ತೆಗೆದರೆ 'ಕ್ವಿಜ್ ಮಾಸ್ಟರ್ ಮಾತೇ ಅಂತಿಮ' ಅಂತ ಗದರಿಸೋ ಬದಲು, ಅವರ ಉತ್ತರವೂ ಸರಿ ಅನಿಸಿದರೆ ಇಬ್ಬರಿಗೂ ಅಂಕ ಕೊಟ್ಟುಬಿಡಿ. ಅಂಕಕ್ಕೇನು ಕಂದಾಯ ಕಟ್ಟಬೇಕಾ?

ಫೋನೇ ಬೇಡ ಅಂದ್ರೆ?

ಇಂಗ್ಲೆಂಡಿನ ಪಬ್ ಕ್ವಿಜ್‌ಗಳಿಗೆ ಹೋಗಿ ನೋಡಿ. ಕಂಪ್ಯೂಟರ್ ಇಲ್ಲ, ಆಪ್ ಇಲ್ಲ. ಐದಾರು ಜನರ ತಂಡ, ಒಂದು ಹಾಳೆ, ಒಂದು ಪೆನ್ಸಿಲ್. ಚಿತ್ರದ ಸುತ್ತು, ಹಾಡಿನ ಸುತ್ತು, ತಮಗೆ ಬೇಕಾದ ಒಂದು ಸುತ್ತಿಗೆ ಅಂಕ ದುಪ್ಪಟ್ಟು ಮಾಡೋ 'ಜೋಕರ್'. ಕೊನೆಗೆ ಪಕ್ಕದ ಟೇಬಲಿಗೆ ಹಾಳೆ ಕೊಟ್ಟು ತಿದ್ದಿಸೋದು. ಸೋಮಾರಿ ಮಂಗಳವಾರ ರಾತ್ರಿಯಲ್ಲೂ ಪಬ್ ತುಂಬಿರುತ್ತೆ. ತಂಡದಲ್ಲಿ ಕೂತಾಗ ನಿಮಗೆ ಗೊತ್ತಿಲ್ಲ ಅನ್ನೋದು ಜಗತ್ತಿಗೆ ಗೊತ್ತಾಗಲ್ಲ. ಇಡೀ ಸಂಜೆಯಲ್ಲಿ ನೀವು ಒಂದೇ ಒಂದು ಉತ್ತರ ಹೇಳಿದರೂ ಆ ಒಂದು ಉತ್ತರದಿಂದ ನೀವು ತಂಡದವರಾಗ್ತೀರಿ. ಕಾನ್ಫರೆನ್ಸಿನ ದುಂಡು ಟೇಬಲ್‌ಗಳು ಇದಕ್ಕಂತಲೇ ಮಾಡಿಸಿದ ಹಾಗಿವೆ.

ಟೇಬಲ್ ಇಲ್ಲದ, ಥಿಯೇಟರಿನ ಹಾಗೆ ಸಾಲಾಗಿ ಕೂರಿಸಿರೋ ಹಾಲ್ ಆದ್ರೆ ಇಲ್ಲಿನ ದೇಣಿಗೆ ಕಾರ್ಯಕ್ರಮಗಳಲ್ಲಿ ಆಡಿಸೋ 'ಹೆಡ್ಸ್ ಅಂಡ್ ಟೇಲ್ಸ್' ಇದೆ. ಎಲ್ಲರೂ ಎದ್ದು ನಿಲ್ಲಬೇಕು. ಹೌದು ಅನ್ನೋರು ಕೈ ತಲೆ ಮೇಲೆ, ಇಲ್ಲ ಅನ್ನೋರು ಕೈ ಸೊಂಟದ ಹಿಂದೆ. ತಪ್ಪಾದವರು ಕೂತುಕೊಳ್ಳಬೇಕು. ಪ್ರತಿಸಲ ಅರ್ಧ ಜನ ಕೂತರೂ ಮುನ್ನೂರು ಜನರಲ್ಲಿ ಒಬ್ಬರು ಉಳಿಯೋಕೆ ಎಂಟು ಪ್ರಶ್ನೆ ಸಾಕು. ವೈಫೈ ಬೇಡ, ಊಟದ ಮೇಲಿನ ನಿದ್ದೆ ಹಾರಿಹೋಗುತ್ತೆ, ನಿಮ್ಮ ಡೈರೆಕ್ಟರು ತಲೆ ಮೇಲೆ ಕೈ ಹೊತ್ತು ನಿಂತಿರೋ ದೃಶ್ಯ ಬೇರೆ ಪುಕ್ಕಟೆ! ಕೂತವರಿಗೆ ಬೇಜಾರಾಗದ ಹಾಗೆ ಐದು ನಿಮಿಷದಲ್ಲಿ ಮುಗಿಸಬೇಕು, ನಿಲ್ಲೋಕೆ ಆಗದವರು ಕೂತಲ್ಲೇ ಆಡಬಹುದು ಅಂತ ಮೊದಲೇ ಹೇಳಬೇಕು, ಅಷ್ಟೇ.

ಫೋನ್ ಬಳಸಲೇಬೇಕು ಅಂತಿದ್ದರೆ ನನಗೆ ತುಂಬಾ ಇಷ್ಟವಾದ ವಿಧಾನ ಒಂದಿದೆ. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ ತೊಂಬತ್ತರ ದಶಕದಲ್ಲಿ ತಮ್ಮ ತರಗತಿಯಲ್ಲಿ ಬೆಳೆಸಿದ್ದು, ಹೆಸರು 'ಪೀರ್ ಇನ್‌ಸ್ಟ್ರಕ್ಷನ್'. ಪ್ರಶ್ನೆ ಕೇಳಿ, ಪ್ರತಿಯೊಬ್ಬರೂ ಒಬ್ಬೊಬ್ಬರೇ ಉತ್ತರ ಕೊಡಲಿ. ಸರಿ ಯಾವುದು ಅಂತ ಹೇಳಬೇಡಿ. "ಈಗ ಪಕ್ಕದವರಿಗೆ ನಿಮ್ಮ ಉತ್ತರ ಯಾಕೆ ಸರಿ ಅಂತ ಒಪ್ಪಿಸಿ" ಅಂತ ಒಂದೆರಡು ನಿಮಿಷ ಬಿಟ್ಟುಬಿಡಿ. ಹಾಲ್ ಸಂತೆಯಾಗುತ್ತೆ. ಆಮೇಲೆ ಅದೇ ಪ್ರಶ್ನೆಗೆ ಇನ್ನೊಂದು ಸಲ ಉತ್ತರ ಕೊಡಿಸಿ. ಮೊದಲ ಸಲಕ್ಕೂ ಎರಡನೇ ಸಲಕ್ಕೂ ಇರೋ ವ್ಯತ್ಯಾಸವನ್ನ ಪರದೆ ಮೇಲೆ ನೋಡೋದೇ ಒಂದು ಮಜಾ. ಇಡೀ ದಿನದ ಭಾಷಣಗಳಲ್ಲಿ ಆಗದ ಪರಿಚಯ ಆ ಎರಡು ನಿಮಿಷದಲ್ಲಿ ಆಗುತ್ತೆ.

ಮೊದಲ ಪ್ರಯೋಗ ನಮ್ಮ ಕನ್ನಡದವರ ಮೇಲೆ :-)

ಇಷ್ಟೆಲ್ಲ ತಲೆಯಲ್ಲಿ ತುಂಬಿಕೊಂಡಿದ್ದಾಗಲೇ ನಮ್ಮ ಊರಿನ ಕನ್ನಡ ಬಳಗದವರು 2025ರ ಯುಗಾದಿಗೆ ಕ್ವಿಜ್ ಮಾಡಿಕೊಡಿ ಅಂದರು. ಅಲ್ಲಿನ ಸಮಸ್ಯೆ ಇನ್ನೂ ದೊಡ್ಡದು. ಇಲ್ಲೇ ಹುಟ್ಟಿದ ಮಕ್ಕಳಿಗೆ ಕನ್ನಡ ಮಾತು ಅರ್ಥ ಆಗುತ್ತೆ, ಅಕ್ಷರ ಓದೋಕೆ ಬರಲ್ಲ. ಮಕ್ಕಳ ಮನೆಗೆ ಆರು ತಿಂಗಳ ವೀಸಾದಲ್ಲಿ ಬಂದಿರೋ ಅಜ್ಜ ಅಜ್ಜಿಯರಿಗೆ ಫೋನಿನ ಕೋಡು ಗೀಡು ಬೇಡ. ನಡುವೆ ನಮ್ಮಂಥ ಐಟಿಯವರು, ನಮಗೆ ಎಲ್ಲಾ ಗೊತ್ತು ಅನ್ನೋ ಭ್ರಮೆ.

ಒಂದೇ ನಿಯಮ ಮಾಡಿದೆ. ಪ್ರತಿ ತಂಡದಲ್ಲಿ ಹದಿನೈದಕ್ಕಿಂತ ಚಿಕ್ಕವರು ಒಬ್ಬರು, ಅರವತ್ತು ದಾಟಿದವರು ಒಬ್ಬರು ಇರಲೇಬೇಕು. ಪ್ರಶ್ನೆಗಳನ್ನ ಬಾಯಲ್ಲೇ ಕೇಳೋದು, ಪರದೆ ಮೇಲೆ ಬರೀ ಚಿತ್ರ. ಇಬ್ಬರೂ ಸೇರದಿದ್ದರೆ ಬಿಡಿಸೋಕೆ ಆಗಬಾರದು, ಅಂಥ ಪ್ರಶ್ನೆಗಳನ್ನೇ ಹುಡುಕಿದೆ. ಉದಾಹರಣೆಗೆ: 'ಐವತ್ತೆರಡು ಪಾವು ಅಕ್ಕಿ ಅಂದರೆ ಎಷ್ಟು ಸೇರು?' ಸೇರಿಗೆ ನಾಲ್ಕು ಪಾವು ಅನ್ನೋದು ಅಜ್ಜಿಗೆ ಗೊತ್ತು, ಭಾಗಾಕಾರ ಮೊಮ್ಮಗನಿಗೆ. ಇನ್ನೊಂದು: ಪರದೆ ಮೇಲೆ ಒಂದು ಅಂಗೈ ಇಮೋಜಿ, ಪಕ್ಕದಲ್ಲಿ ಒಂದು ಕನ್ನಡಿ ಇಮೋಜಿ. ಯಾವ ಗಾದೆ? ಮಕ್ಕಳು ಚಿತ್ರ ಹೇಳಿದರು, ದೊಡ್ಡವರು ಕೂಗಿದರು: ಅಂಗೈ ಹುಣ್ಣಿಗೆ ಕನ್ನಡಿ ಬೇಕೆ!

ಒಂದು ಮೂಲೆಯಲ್ಲಿ ಕೋಟು ಬಿಚ್ಚದೇ ಕೂತಿದ್ದ ಅಜ್ಜ ಒಬ್ಬರಿದ್ದರು. ಬಂದು ಎರಡು ತಿಂಗಳಾಗಿತ್ತಂತೆ. ಮಗ ಸೊಸೆ ಕೆಲಸಕ್ಕೆ, ಮೊಮ್ಮಗಳು ಶಾಲೆಗೆ, ಇವರು ದಿನವಿಡೀ ಕಿಟಕಿ ಪಕ್ಕ. ಪಾವು ಸೇರಿನ ಪ್ರಶ್ನೆ ಬಂದಾಗ ಮೊಮ್ಮಗಳು "ತಾತ, ವಾಟ್ ಈಸ್ ಪಾವು?" ಅಂತ ಕೇಳಿದಳು ನೋಡಿ... ಆ ಮನುಷ್ಯ ಎರಡೂ ಕೈಯಲ್ಲಿ ಅಳತೆ ತೋರಿಸಿಕೊಂಡು ವಿವರಿಸೋಕೆ ಶುರುಮಾಡಿದ್ದು ಪ್ರಶ್ನೆ ಮುಗಿದು ಮುಂದಿನದು ಬಂದರೂ ನಿಲ್ಲಲಿಲ್ಲ. ಅವರ ತಂಡ ಕೊನೆಯಿಂದ ಎರಡನೆಯದು. ಕೋಟು ಮಾತ್ರ ಕುರ್ಚಿಯ ಬೆನ್ನಿಗೆ ಬಂದಿತ್ತು.

ಬಹುಮಾನಕ್ಕೆ ಪುಸ್ತಕ ಕೊಟ್ಟೆವು. ಇದು 'ಥಟ್ ಅಂತ ಹೇಳಿ'ಯಿಂದ ನೇರವಾಗಿ ಕದ್ದ ಐಡಿಯಾ. ಅಲ್ಲಿ ಸರಿ ಉತ್ತರಕ್ಕೆ ಸಿಗೋದು ದುಡ್ಡಲ್ಲ, ಪುಸ್ತಕ. ಇಂಗ್ಲೆಂಡಿನಲ್ಲಿ 1998ರಲ್ಲಿ ಶುರುವಾದ ಕೋಟಿ ಗೆಲ್ಲೋ ಕಾರ್ಯಕ್ರಮ 2000ದಲ್ಲಿ ಹಿಂದಿಗೆ, 2012ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಜೊತೆ ಕನ್ನಡಕ್ಕೂ ಬಂತು, ನೋಡಿ ನಾವೂ ಖುಷಿಪಟ್ಟೆವು. ಆದರೆ ಕೋಟಿಯ ಎದುರು ಕೂತವರು ಎದೆ ಹಿಡಿದುಕೊಂಡು ಯೋಚಿಸ್ತಾರೆ. ಪುಸ್ತಕದ ಎದುರು ಕೂತವರು ನಗ್ತಾ ತಪ್ಪು ಹೇಳಬಲ್ಲರು. ಕಾನ್ಫರೆನ್ಸಿಗೆ ಬೇಕಾಗಿರೋದು ಎರಡನೆಯದು. ಬಹುಮಾನ ದೊಡ್ಡದಾದಷ್ಟೂ ಜಗಳ ದೊಡ್ಡದು, ಗೂಗಲ್ ನೋಡಿ ಕದಿಯೋರೂ ಜಾಸ್ತಿ.

ಮತ್ತೆ ಅದೇ ಗೊರಕೆ ಸ್ಲಾಟ್

2025ರ ಅಕ್ಟೋಬರಿನಲ್ಲಿ ಕಂಪನಿಯವರು ಧೈರ್ಯ ಮಾಡಿ ಮತ್ತೆ ನನಗೇ ಕೊಟ್ಟರು. ಈ ಸಲ ಪ್ರಶ್ನೆ ಹನ್ನೆರಡು. ಮೊದಲು ಐದು ನಿಮಿಷ ತಲೆ ಮೇಲೆ ಕೈ, ಆಮೇಲೆ ಟೇಬಲ್ ತಂಡಗಳು. ಒಂದೊಂದು ಟೇಬಲಿಗೆ ಒಂದೇ ಫೋನು, ಅಂದ್ರೆ ಮುನ್ನೂರರ ಬದಲು ಮೂವತ್ತೆಂಟು ಫೋನು, ವೈಫೈ ಉಸಿರಾಡಿತು. ತಂಡದ ಹೆಸರನ್ನ ಟೇಬಲ್ ನಂಬರ್ ಅಂತ ಮೊದಲೇ ನಿಗದಿ ಮಾಡಿದ್ದರಿಂದ ಪುಣ್ಯಾತ್ಮರಿಗೆ ಅವಕಾಶ ಸಿಗಲಿಲ್ಲ. ಹಿಂದಿನ ದಿನವೇ ಹಾಲಿಗೆ ಹೋಗಿ ಕೊನೇ ಸಾಲಿನಲ್ಲಿ ಕೂತು ಅಕ್ಷರ ಕಾಣುತ್ತಾ ಅಂತ ನೋಡಿದ್ದೆ. ಕಾಣ್ತಿರಲಿಲ್ಲ, ದೊಡ್ಡದು ಮಾಡಿದೆ. ವೈಫೈ ಪೂರ್ತಿ ಸತ್ತರೆ ಅಂತ ಹಾಳೆ ಪೆನ್ಸಿಲ್ಲೂ ತಂದಿಟ್ಟಿದ್ದೆ. ಕೊನೇ ಸುತ್ತಿಗೆ ಅಂಕ ದುಪ್ಪಟ್ಟು ಇಟ್ಟಿದ್ದರಿಂದ ಹಿಂದೆ ಬಿದ್ದವರೂ ಕೊನೆವರೆಗೆ ಆಸೆ ಬಿಡಲಿಲ್ಲ. ಅರ್ಧ ಗಂಟೆ ಅಂದಿದ್ದು ಇಪ್ಪತ್ತೆಂಟು ನಿಮಿಷಕ್ಕೆ ಮುಗೀತು. ಇನ್ನೊಂದೆರಡು ಪ್ರಶ್ನೆ ಕೇಳಪ್ಪಾ ಅನ್ನುವಾಗ ನಿಲ್ಲಿಸಬೇಕು, ಸಾಕಪ್ಪಾ ಅನ್ನೋವರೆಗೆ ಕಾಯಬಾರದು.

ಪ್ರತಿ ಉತ್ತರಕ್ಕೂ ಅರ್ಧ ನಿಮಿಷದ ಕಥೆ ಹೇಳಿದೆ. ಉತ್ತರ ಮರೆತುಹೋಗುತ್ತೆ, ಕಥೆ ಉಳಿಯುತ್ತೆ. ತಪ್ಪು ಉತ್ತರ ಕೊಟ್ಟವರ ಮೇಲೆ ಒಂದೂ ಜೋಕ್ ಮಾಡಲಿಲ್ಲ. ಜೋಕ್ ಬೇಕು ಅನಿಸಿದಾಗೆಲ್ಲ ನನ್ನ ಮೇಲೇ ಮಾಡಿಕೊಂಡೆ, ಸರಕಿಗೇನೂ ಕೊರತೆ ಇರಲಿಲ್ಲ.

ಬೆರಳಿನ ಶಾಯಿಯ ಪ್ರಶ್ನೆಗೆ ಮೊದಲು ಕೈ ಎತ್ತಿದ ಟೇಬಲ್ ಯಾವುದು ಅಂದುಕೊಂಡಿರಿ? ನಮ್ಮ ಇಂಡಿಯನ್ನರದ್ದಲ್ಲ. ಅಕೌಂಟ್ಸ್‌ನವರದ್ದು. ಉತ್ತರ ಹೇಳಿದ್ದು ಅದೇ ಪೋರ್ಚುಗಲ್ ಸಹೋದ್ಯೋಗಿ. ಹೇಗೆ ಗೊತ್ತಾಯ್ತು ಅಂತ ಕೇಳಿದೆ. "ಗೊತ್ತಿರಲಿಲ್ಲ, ಯೋಚಿಸಿದೆ. ಈ ಸಲ ಟೈಮ್ ಕೊಟ್ಟಿದ್ದೀಯಲ್ಲ" ಅಂದರು.

ಕ್ವಿಜ್ ನಡೆಸೋಕೆ ಹೊರಟ ಗೆಳೆಯರಿಗೆ ನಾನು ಹೇಳೋದು ಇದನ್ನೇ. ನಿಮಗೆ ಎಷ್ಟು ಗೊತ್ತು ಅಂತ ತೋರಿಸೋಕೆ ವೇದಿಕೆ ಹತ್ತಬೇಡಿ. ಪ್ರಶ್ನೆ ಬರೆದ ಮೇಲೆ ಒಂದು ಸಲ ಕೊನೇ ಸಾಲಿನಲ್ಲಿ ಕೂತಿರೋ ಒಬ್ಬರನ್ನ ನೆನೆಸಿಕೊಳ್ಳಿ. ಊರಿಗೆ ಹೊಸಬರು, ಭಾಷೆ ಅಷ್ಟಕ್ಕಷ್ಟೆ, ಯಾರ ಪರಿಚಯವೂ ಇಲ್ಲ. ಅವರು ಇಡೀ ಅರ್ಧ ಗಂಟೆಯಲ್ಲಿ ಒಂದು ಸಲವಾದರೂ ಬಾಯಿ ಬಿಡ್ತಾರಾ? ಇಲ್ಲ ಅನಿಸಿದರೆ ಪ್ರಶ್ನೆ ಬದಲಾಯಿಸಿ. ಆ ಕುರ್ಚಿಯಲ್ಲಿ ಕೂತವನಾಗಿ, 187ನೇ ಸ್ಥಾನದವನಾಗಿ ಹೇಳ್ತಾ ಇದೀನಿ.

ಅಂದ ಹಾಗೆ, ಫೋನ್ ಮಾಡಿದಾಗ ಅಪ್ಪನಿಗೆ ಅಂಚೆ ಚೀಟಿ ಪ್ರಶ್ನೆ ಕೇಳಿದೆ. ಹತ್ತು ಸೆಕೆಂಡ್ ಸುಮ್ಮನಿದ್ದು, "ರಾಣಿ ಮುಖ ಇದ್ಮೇಲೆ ಊರ ಹೆಸರು ಯಾಕೋ?" ಅಂದ್ರು. ಹಿಂದಿನಿಂದ ಅಮ್ಮ "ಮೊದಲು ಊಟ ಮಾಡಿ, ಆರಿಹೋಗ್ತಿದೆ" ಅಂತ ಕೂಗ್ತಿದ್ರು. ನಮ್ಮನೆ ಕ್ವಿಜ್ ಇನ್ನೂ ನಡೀತಾ ಇದೆ :-)

ನೀವು ಕೂತ, ನೀವು ನಡೆಸಿದ ಕ್ವಿಜ್‌ಗಳ ಕಥೆ ಏನು? ಬಿದ್ದ ಕಥೆಗಳಿದ್ದರೆ ಇನ್ನೂ ಒಳ್ಳೇದು, ಬರೆದು ತಿಳಿಸಿ.